ಕಿವಿಯ ಪಾಳಿ

ಪೆಯ್-ಶಾನ್, ಮೇಜಿಗೆ ಆ ಟವೆಲ್ಲು ಹಾಸು.
ಮೀನಿನ ವಾಸನೆಯದ್ದು ಬೇಡ, ಇನ್ನೊಂದು.
ನಲ್ಲಿ ಮುಟ್ಟಿ ಬಾ,
ಮೈಯೊಳಗಿನ ಮಿಂಚು ಇಳಿದುಹೋಗಲಿ.
ಕೆಳಗೆ ಸ್ಕೂಟರ್ ರಿಪೇರಿಯವನು ಷಟರು ಎಳೆದಾಯಿತು.
ಇನ್ನು ಸಾನ್‌ಚುಂಗಿನ ಈ ಗಲ್ಲಿಯಲ್ಲಿ ಬಾಯಿ ಬಿಡುವುದು
ಕಸದ ಲಾರಿಯ ವಾದ್ಯ ಒಂದೇ.

ನಿನ್ನ ಹಳೆಯ ಡಬ್ಬಿಯಲ್ಲಿ ಜೇನುನೊಣ ಇತ್ತು.
ಅಂಧರ ಲೈಬ್ರರಿಯವರು ಮೂರು ಸಲ ವಾಪಸು ಕಳಿಸಿದರಲ್ಲ
ನೀನು ಓದಿ ಕೊಟ್ಟ ಕಥೆಯನ್ನು:
ರಾಜಕುಮಾರಿ ಸತ್ತಳು, ಸರಿ,
ಹಿಂದೆ ಗುಂಯ್ ಅನ್ನುವವರು ಯಾರು?

ಇದು ಮದರ್‌ಬೋರ್ಡು.
ತಾಯಿ ಅನ್ನುವ ಹೆಸರು ಸುಮ್ಮನೆ ಬಂದದ್ದಲ್ಲ,
ಎಲ್ಲರೂ ಬಂದು ಇವಳಿಗೇ ಚುಚ್ಚುತ್ತಾರೆ.
ಪ್ರೊಸೆಸರನ್ನು ಅಂಚಿನಲ್ಲಿ ಹಿಡಿ,
ಮೂಲೆಯ ಚಿನ್ನದ ಗುರುತು ಗುರುತಿಗೆ ಕೂಡಲಿ.
ಒತ್ತಬೇಡ. ಇಟ್ಟುಬಿಡು. ತನ್ನ ತೂಕಕ್ಕೆ ತಾನೇ ಕೂರುತ್ತದೆ.
ಈಗ ಸರಳು ಇಳಿಸು. ಕಿರ್ರ್ ಅನ್ನುತ್ತದೆ,
ಮುರಿಯಿತು ಅಂತ ಎದೆ ಧಸಕ್ ಅನ್ನುತ್ತದೆ.
ಮುರಿದಿರುವುದಿಲ್ಲ.

ಪೇಸ್ಟು ಬಟಾಣಿಯಷ್ಟು.
ಜಾಸ್ತಿ ಮೆತ್ತಿದರೆ ಜಾಸ್ತಿ ತಂಪು ಅಂದುಕೊಂಡವನು
ನಿನ್ನ ಚಿಕ್ಕಪ್ಪ ಒಬ್ಬನೇ.
ಅದರ ಮೇಲೆ ಈ ತಾಮ್ರದ ಕೊಳವೆಗಳ ಗೋಪುರ.
ಈ ಮೂಲೆಗೆ ಎರಡು ಸುತ್ತು, ಎದುರು ಮೂಲೆಗೆ ಎರಡು,
ಒಂದೇ ಕಡೆ ಬಿಗಿದರೆ ವಾಲಿಕೊಳ್ಳುತ್ತದೆ,
ಊಟದ ಮೇಜಿನಲ್ಲಿ ಅತ್ತೆ ವಾಲುತ್ತಿದ್ದ ಹಾಗೆ ಮಗನ ಕಡೆಗೆ.

ಫ್ಯಾನು ಇಲ್ಲಿ ಕೊಡು.
ಇದು ಮಾತ್ರ ನಾನು ಹಾಕುತ್ತೇನೆ.

ಇಪ್ಪತ್ತಾರು ವರ್ಷ ತಾವ್‌ಯುವಾನಿನ ಕಾರ್ಖಾನೆಯಲ್ಲಿ
ನನ್ನ ಕೆಲಸ ಕೇಳುವುದು.
ಗೋಡೆಗೆಲ್ಲ ಸ್ಪಂಜು ಬಡಿದ ಕೋಣೆ, ಒಂದು ಸ್ಟೂಲು.
ಬೆಲ್ಟಿನ ಮೇಲೆ ತಿರುಗುತ್ತ ಬರುತ್ತಿದ್ದವು,
ಒಂದೊಂದಕ್ಕೆ ನಾಲ್ಕು ಸೆಕೆಂಡು.
ಸುಯ್ ಅಂದರೆ ಎಡಕ್ಕೆ.
ಚರ್ ಅಂದರೆ ಬಲಕ್ಕೆ, ಬುಟ್ಟಿಗೆ.
ಬೇರಿಂಗಿನಲ್ಲಿ ಧೂಳಿನ ಕಣ,
ಒಂದು ರೆಕ್ಕೆ ಕೂದಲೆಳೆಯಷ್ಟು ಭಾರ,
ಮೀಟರಿಗೆ ತಿಳಿಯುವ ಮೊದಲು ನನಗೆ ತಿಳಿಯುತ್ತಿತ್ತು.
ಪಕ್ಕದ ಶಿಯು-ಮ್ಯಾನ್ ಮೂಗಿನಲ್ಲೇ ಹಾಡಿಕೊಂಡರೆ
ಸೂಪರ್‌ವೈಸರು ಗಾಜು ಕುಟ್ಟುತ್ತಿದ್ದ.
ಓವರ್‌ಟೈಮು ಅಚ್ಚಿನ ಶೆಡ್ಡಿನಲ್ಲಿ.
ಅಲ್ಲಿ ಸಂಬಳ ಕೇಳುವುದಕ್ಕಲ್ಲ,
ಕೇಳಿಸಿತು ಅಂತ ಹೇಳದಿರುವುದಕ್ಕೆ.
ಜ್ವರಕ್ಕೆ ರಜೆ ಇತ್ತು, ಬಾಣಂತನಕ್ಕೆ ಇತ್ತು.
ಕಿವಿಗೆ ಇರಲಿಲ್ಲ.

ಸ್ಕ್ರೂ ಬೇಡ, ರಬ್ಬರಿನ ಈ ಗೂಟಗಳು ಸಾಕು.
ಎಳೆ. ಇನ್ನೂ ಎಳೆ. ಹಾಂ.
ಹೆಸರಿನ ಚೀಟಿ ಇರುವ ಬೆನ್ನಿನಿಂದ ಗಾಳಿ ಹೊರಗೆ ಬರುತ್ತದೆ,
ಯಾರೂ ಹೇಳಿಕೊಡುವುದಿಲ್ಲ ಇದನ್ನ.
ವಯರುಗಳನ್ನು ಹಲಗೆಯ ಹಿಂದೆ ಕಟ್ಟು,
ಗಾಳಿಯ ದಾರಿಗೆ ಅಡ್ಡ ಕೂರಬಾರದು ಯಾರೂ.

ಒತ್ತು ಗುಂಡಿ.

ಏನಿಲ್ಲ. ಪರದೆ ಕಪ್ಪು.
ಮುಖ ಸಣ್ಣ ಮಾಡಬೇಡ. ಮೆಮೊರಿ ಪಟ್ಟಿ ಪೂರ್ತಿ ಕೂತಿಲ್ಲ,
ಟಕ್ ಅನ್ನಬೇಕು. ನಿನ್ನದು ಅಂದೇ ಇಲ್ಲ.
ವಯರು ಕಿತ್ತು, ಹೆಬ್ಬೆರಳಿಟ್ಟು, ಕನಿಕರ ಬಿಟ್ಟು ಒತ್ತು.
ಟಕ್.

"ಹತ್ತಿತಾ ಚಿಕ್ಕಮ್ಮ?"
ಚಹಾದ ಪೊಟ್ಟಣದ ಕಾಗದ ಹರಿದು ಹಿಂದೆ ಹಿಡಿದೆ.
ಕಾಗದ ಮಾತ್ರ ನಡುಗಿತು.
"ಏನೂ ಕೇಳುತ್ತಿಲ್ಲ, ಏನೇನೂ!" ಅಂತ ನೀನು ಕುಣಿದೆ.

ನನಗೆ ಕೇಳಿತು.
ಸಣ್ಣಗೆ, ಒಂದೇ ಸಮ, ಈ ಅಂತ.
ಅಭ್ಯಾಸಬಲ, ನಾಲ್ಕು ಸೆಕೆಂಡು ಎಣಿಸಿದೆ.
ಫ್ಯಾನಿನ ನಡುವನ್ನು ಬೆರಳಿಂದ ತಡೆದು ನಿಲ್ಲಿಸಿದೆ.
ಆಗಲೂ ಈ.
ಪೆಟ್ಟಿಗೆಯ ವಯರು ಕಿತ್ತೆ. ಆಗಲೂ.

ಎಡಗಿವಿಯದ್ದು.
ಇಷ್ಟು ವರ್ಷ ಯಾವುದಾದರೂ ಯಂತ್ರ ಅದನ್ನ ಮುಚ್ಚಿಟ್ಟಿತ್ತು.
ಬಲಕ್ಕೆ ಎಸೆಯೋಣವೆಂದರೆ
ಬುಟ್ಟಿ ಎಲ್ಲಿದೆ ಈ ಮನೆಯಲ್ಲಿ.

"ಯಾಕೆ ಕಿತ್ತೆ?"
ಸುಮ್ಮನೆ ನೋಡಿದೆ. ಚೆನ್ನಾಗಿದೆ. ಪಾಸು.
ಮತ್ತೆ ಹಚ್ಚು, ಮೈಕು ಎದುರಿಗೆ ಎಳೆದುಕೋ,
ರಾಜಕುಮಾರಿಯನ್ನು ಮೊದಲಿಂದ ಓದು.
ನಾನು ಇಲ್ಲೇ ಕೂತಿರುತ್ತೇನೆ,
ಹೆದರಬೇಡ, ನನ್ನದು ಅದರಲ್ಲಿ ಹಿಡಿಯುವುದಿಲ್ಲ.

ಸ್ಕ್ರೂ ಒಂದು ಉಳಿದಿದೆ ನೋಡು.
ಯಾವಾಗಲೂ ಒಂದು ಉಳಿಯುತ್ತದೆ.
ಚಹಾ ಡಬ್ಬಿಗೆ ಹಾಕಿಡು.